ವಿಜ್ಞಾನಿಯ ಹೆಸರು, ಅಧ್ಯಕ್ಷರ ಸಹಿ

ರಸಾಯನಶಾಸ್ತ್ರ ಓದುವ ನಮ್ಮ ಪಿಯುಸಿ ವಿದ್ಯಾರ್ಥಿಗಳಿಗೆ 'ಡೆಬೈ' ಎಂಬುದು ಒಂದು ಅಳತೆಯ ಮಾನ. ಅಣುವೊಂದರಲ್ಲಿ ಧನ ಮತ್ತು ಋಣ ವಿದ್ಯುದಂಶಗಳು ಎಷ್ಟರ ಮಟ್ಟಿಗೆ ಬೇರ್ಪಟ್ಟು ನಿಂತಿವೆ ಎಂಬುದನ್ನು ಆ ಮಾನದಲ್ಲಿ ಹೇಳುತ್ತಾರೆ. ನೀರಿನ ಅಣುವಿಗೆ ಅದು 1.85. ಲೆಕ್ಕ ಮಾಡಿ, ಉತ್ತರದ ಮುಂದೆ ಆ ಹೆಸರನ್ನು ಬರೆದು ವಿದ್ಯಾರ್ಥಿಗಳು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯನ ಬದುಕಿನ ಬಗ್ಗೆ ಯುರೋಪಿನ ಒಂದು ವಿಶ್ವವಿದ್ಯಾಲಯ ಎರಡು ವರ್ಷ ತನ್ನೊಳಗೇ ವಾದಿಸಿತು ಎಂಬ ಸಂಗತಿ ಪಠ್ಯಪುಸ್ತಕದ ವ್ಯಾಪ್ತಿಯದಲ್ಲ.

2006ರ ಫೆಬ್ರುವರಿಯಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯವು ತನ್ನ ಪ್ರಸಿದ್ಧ ಸಂಶೋಧನಾ ಸಂಸ್ಥೆಯೊಂದರ ಫಲಕದಿಂದ ಪೀಟರ್ ಡೆಬೈ ಅವರ ಹೆಸರನ್ನು ತೆಗೆಯಲು ನಿರ್ಧರಿಸಿತು. ಆಗ ಡೆಬೈ ತೀರಿಕೊಂಡು 40 ವರ್ಷಗಳಾಗುತ್ತ ಬಂದಿದ್ದವು. ಅದಕ್ಕೆ ಕಾರಣ 1938ರಲ್ಲಿ ಅವರು ಸಹಿ ಮಾಡಿದ ಒಂದು ಪತ್ರ. ಅರ್ಥಶಾಸ್ತ್ರ ಓದಿ, ಜೀವಮಾನವೆಲ್ಲ ಸರ್ಕಾರಿ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಭೌತವಿಜ್ಞಾನಿಯೊಬ್ಬರ ಜೀವನದಲ್ಲಿ ಆಸಕ್ತಿ ಹುಟ್ಟಿದ್ದು ಆ ಪತ್ರದಿಂದಲೇ. ಸಹಿ ಹಾಕುವುದೇ ವೃತ್ತಿಯಾಗಿದ್ದವರಿಗೆ ಅದು ದೂರದ ವಿಷಯವಲ್ಲ. ಆದರೆ ಪತ್ರವನ್ನು ಅರ್ಥ ಮಾಡಿಕೊಳ್ಳಲು ಮೊದಲು ಮನುಷ್ಯನನ್ನು ತಿಳಿಯಬೇಕು.

ಡೆಬೈ ಹುಟ್ಟಿದ್ದು 1884ರ ಮಾರ್ಚ್ 24ರಂದು, ನೆದರ್ಲೆಂಡ್ಸ್‌ನ ದಕ್ಷಿಣದ ಅಂಚಿನಲ್ಲಿರುವ ಮಾಸ್ಟ್ರಿಕ್ಟ್ ಪಟ್ಟಣದಲ್ಲಿ. ಸಾಧಾರಣ ಕುಟುಂಬ. ಹುಡುಗ ಬುದ್ಧಿವಂತ, ಆದರೆ ದೂರದ ಊರಿನಲ್ಲಿಟ್ಟು ಓದಿಸುವ ಶಕ್ತಿ ಮನೆಯವರಿಗಿರಲಿಲ್ಲ. ಗಡಿ ದಾಟಿದರೆ ಹತ್ತಿರದಲ್ಲೇ ಇದ್ದದ್ದು ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿದ್ಯಾಲಯ. 1905ರಲ್ಲಿ ಅಲ್ಲಿಂದ ವಿದ್ಯುತ್ ಎಂಜಿನಿಯರ್ ಆಗಿ ಹೊರಬಂದರು. ಅಲ್ಲಿ ಕಲಿಸುತ್ತಿದ್ದ ಆರ್ನಾಲ್ಡ್ ಸೊಮರ್‌ಫೆಲ್ಡ್ ಈ ಶಿಷ್ಯನ ಪ್ರತಿಭೆಯನ್ನು ಗುರುತಿಸಿ, 1906ರಲ್ಲಿ ತಾವು ಮ್ಯೂನಿಕ್‌ಗೆ ಹೋಗುವಾಗ ಜೊತೆಯಲ್ಲೇ ಕರೆದೊಯ್ದರು. ಹೀಗೆ ಮನೆಯ ಆರ್ಥಿಕ ಸ್ಥಿತಿಯೇ ಡಚ್ ಹುಡುಗನೊಬ್ಬನನ್ನು ಜರ್ಮನ್ ವಿಜ್ಞಾನದ ಒಳಮನೆಗೆ ಸೇರಿಸಿತು.

ಮುಂದಿನದು ವೇಗದ ಏರಿಕೆ. 1911ರಲ್ಲಿ ಐನ್‌ಸ್ಟೈನ್ ತೆರವು ಮಾಡಿದ ಜ್ಯೂರಿಕ್ ವಿಶ್ವವಿದ್ಯಾಲಯದ ಪೀಠ ಡೆಬೈ ಅವರಿಗೆ ದೊರೆಯಿತು. 1912ರಲ್ಲಿ ಉಟ್ರೆಕ್ಟ್, 1914ರಲ್ಲಿ ಗಟ್ಟಿಂಗೆನ್, 1920ರಲ್ಲಿ ಮತ್ತೆ ಜ್ಯೂರಿಕ್, 1927ರಲ್ಲಿ ಲೈಪ್‌ಜಿಗ್, 1930ರ ದಶಕದ ಮಧ್ಯದಲ್ಲಿ ಬರ್ಲಿನ್. ಹೋದ ಕಡೆಯೆಲ್ಲ ಏನಾದರೊಂದು ಮೂಲಭೂತ ಕೆಲಸ. ತಣ್ಣಗಾದಂತೆ ಘನವಸ್ತುಗಳು ಶಾಖವನ್ನು ಹಿಡಿದಿಡುವ ಶಕ್ತಿ ಕುಗ್ಗುವುದೇಕೆ ಎಂಬುದಕ್ಕೆ 1912ರಲ್ಲಿ ಅವರು ಕೊಟ್ಟ ವಿವರಣೆ, ಉಪ್ಪಿನ ದ್ರಾವಣಗಳ ವರ್ತನೆಯ ಬಗ್ಗೆ 1923ರಲ್ಲಿ ಎರಿಕ್ ಹ್ಯೂಕೆಲ್ ಜೊತೆ ರೂಪಿಸಿದ ಸಿದ್ಧಾಂತ ಇವೆರಡೂ ಇಂದಿಗೂ ಪಾಠದ ಭಾಗ. ಆದರೆ ಪ್ರಯೋಗಾಲಯಗಳಿಗೆ ಅವರಿಂದ ಸಂದ ಅತ್ಯಂತ ಉಪಯುಕ್ತ ಕೊಡುಗೆ ಗಟ್ಟಿಂಗೆನ್‌ನಲ್ಲಿ, ಮೊದಲ ಮಹಾಯುದ್ಧದ ನಡುವೆ ಹುಟ್ಟಿತು. ಪುಡಿಯ ಮೇಲೆ ಕ್ಷ-ಕಿರಣ ಹಾಯಿಸಿ ಹರಳಿನ ಒಳರಚನೆಯನ್ನು ಪತ್ತೆ ಹಚ್ಚುವ ವಿಧಾನವದು.

ಹರಳೆಂದರೆ ಪರಮಾಣುಗಳು ಶಿಸ್ತಾಗಿ, ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಜೋಡಣೆಗೊಂಡ ಘನವಸ್ತು. ಉಪ್ಪು, ಸಕ್ಕರೆ, ಕಬ್ಬಿಣ, ವಜ್ರ ಎಲ್ಲವೂ ಈ ಅರ್ಥದಲ್ಲಿ ಹರಳುಗಳೇ. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಅಂಥ ಎರಡು-ಮೂರು ಪಾಲಿನಷ್ಟು ಅಂತರದಲ್ಲಿ ಪರಮಾಣುಗಳ ಸಾಲುಗಳಿರುತ್ತವೆ. ಕ್ಷ-ಕಿರಣದ ತರಂಗಾಂತರವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ, ಹರಳಿನ ಮೂಲಕ ಹಾಯುವ ಕಿರಣ ಕೆಲವು ನಿರ್ದಿಷ್ಟ ದಿಕ್ಕುಗಳಲ್ಲಿ ಮಾತ್ರ ಬಲವಾಗಿ ಹೊರಬೀಳುತ್ತದೆ. ಮ್ಯಾಕ್ಸ್ ಫಾನ್ ಲೌಅ ಅವರ ಸೂಚನೆಯಂತೆ 1912ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಪ್ರಯೋಗ ಇದನ್ನು ತೋರಿಸಿಕೊಟ್ಟಿತು. ಕಿರಣ ಬಾಗುವ ಕೋನಕ್ಕೂ ಪರಮಾಣು ಪದರಗಳ ಅಂತರಕ್ಕೂ ಇರುವ ಸರಳ ಸಂಬಂಧವನ್ನು ಇಂಗ್ಲೆಂಡಿನ ಲಾರೆನ್ಸ್ ಬ್ರ್ಯಾಗ್ ಕಂಡುಕೊಂಡರು. ಆದರೆ ಇದಕ್ಕೆಲ್ಲ ಚೊಕ್ಕವಾದ, ಸಾಕಷ್ಟು ದೊಡ್ಡದಾದ ಒಂಟಿ ಹರಳು ಬೇಕಿತ್ತು. ಲೋಕದ ಬಹುಪಾಲು ವಸ್ತುಗಳು ಹಾಗೆ ಸಿಗುವುದಿಲ್ಲ. ಲೋಹಗಳು, ಜೇಡಿಮಣ್ಣು, ಸಿಮೆಂಟು ಇವೆಲ್ಲ ಸಣ್ಣ ಸಣ್ಣ ಕಣಗಳ ರಾಶಿ.

ಡೆಬೈ ಮತ್ತು ಅವರ ವಿದ್ಯಾರ್ಥಿ ಪೌಲ್ ಶೆರರ್ ಈ ತೊಡಕನ್ನು ಬಿಡಿಸಲು ಹೊರಟವರೇನಲ್ಲ. ಪರಮಾಣುವಿನೊಳಗೆ ಎಲೆಕ್ಟ್ರಾನುಗಳು ಕ್ರಮಬದ್ಧವಾಗಿ ನಿಂತಿದ್ದರೆ ಅದರ ಗುರುತು ಕ್ಷ-ಕಿರಣದಲ್ಲಿ ಕಾಣಬೇಕು, ಪರಮಾಣುಗಳು ಹೇಗೆ ಚದುರಿದ್ದರೂ ಕಾಣಬೇಕು ಎಂಬುದು ಡೆಬೈ ಅವರ ಎಣಿಕೆ. ಯುದ್ಧದಿಂದಾಗಿ ಜರ್ಮನ್ ತರುಣರು ರಣರಂಗದಲ್ಲಿದ್ದರು. ಒಬ್ಬರು ಡಚ್, ಇನ್ನೊಬ್ಬರು ಸ್ವಿಸ್, ಇಬ್ಬರೂ ತಟಸ್ಥ ದೇಶಗಳ ಪ್ರಜೆಗಳಾದ್ದರಿಂದ ಪ್ರಯೋಗಾಲಯದಲ್ಲಿ ಉಳಿದಿದ್ದರು. ಲಿಥಿಯಂ ಫ್ಲೋರೈಡಿನ ಪುಡಿಯನ್ನು ನಡುವೆ ಇಟ್ಟು, ಸುತ್ತ ಉರುಳೆಯಾಕಾರದಲ್ಲಿ ಫಿಲ್ಮು ಸುತ್ತಿ ಕಿರಣ ಹಾಯಿಸಿದಾಗ, ಮಸುಕಾದ ಪಟ್ಟೆಗಳ ಬದಲು ಚೂಪಾದ ಗೆರೆಗಳು ಮೂಡಿದವು. ಅಷ್ಟು ಚೂಪಾದ ಗೆರೆಗಳು ಎಲೆಕ್ಟ್ರಾನುಗಳಿಂದ ಬರಲಾರವು. ಪುಡಿಯ ಪ್ರತಿ ಕಣವೂ ಒಂದು ಪುಟ್ಟ ಹರಳು ಎಂಬುದು ಆಗ ಹೊಳೆಯಿತು. ಹುಡುಕಿದ್ದು ಒಂದು, ದಕ್ಕಿದ್ದು ಅದಕ್ಕಿಂತ ದೊಡ್ಡದು. 1916ರಲ್ಲಿ ಅದು ಪ್ರಕಟವಾಯಿತು.

ತತ್ತ್ವ ಕಠಿಣವೇನಲ್ಲ. ಪುಡಿಯಲ್ಲಿ ಲಕ್ಷಾಂತರ ಕಣಗಳು ಮನಬಂದ ದಿಕ್ಕಿಗೆ ಬಿದ್ದಿರುತ್ತವೆ. ಅವುಗಳಲ್ಲಿ ಕೆಲವಾದರೂ ಕಿರಣವನ್ನು ಬಲವಾಗಿ ಹೊಮ್ಮಿಸುವ ಸರಿಯಾದ ಕೋನದಲ್ಲಿ ಇದ್ದೇ ಇರುತ್ತವೆ. ಅಂಥ ಕಣಗಳು ಎಲ್ಲ ಸುತ್ತಿನಲ್ಲೂ ಇರುವುದರಿಂದ ಹೊರಬರುವ ಕಿರಣಗಳು ಶಂಕುವಿನ ಆಕಾರ ತಾಳುತ್ತವೆ. ಫಿಲ್ಮಿನ ಮೇಲೆ ಅದು ಬಾಗಿದ ಗೆರೆಯಾಗಿ ಬೀಳುತ್ತದೆ. ಒಂದೊಂದು ಪದರದ ಅಂತರಕ್ಕೆ ಒಂದೊಂದು ಗೆರೆ. ಕಿರಣ ಬಾಗಿದ ಕೋನದ ಅರ್ಧವನ್ನು ತೆಗೆದುಕೊಂಡು, ಅದರ ಸೈನಿನ ವರ್ಗವನ್ನು ಗೆರೆಗೊಂದರಂತೆ ಬರೆದಿಟ್ಟರೆ, ಘನಾಕೃತಿಯ ಹರಳುಗಳಲ್ಲಿ ಆ ಸಂಖ್ಯೆಗಳು ಸಣ್ಣ ಪೂರ್ಣಾಂಕಗಳ ಅನುಪಾತದಲ್ಲಿ ಬರುತ್ತವೆ. 3, 4, 8, 11, 12 ಎಂದು ಬಂದರೆ ಘನದ ಮೂಲೆಗಳಲ್ಲದೆ ಪ್ರತಿ ಮುಖದ ನಡುವೆಯೂ ಅದೇ ಜೋಡಣೆ ಮರುಕಳಿಸುತ್ತದೆ ಎಂದರ್ಥ. 2, 4, 6, 8 ಎಂದು ಸಾಗಿದರೆ ಅದು ಮರುಕಳಿಸುವುದು ಘನದ ಒಡಲ ನಡುವೆ. ಕಬ್ಬಿಣದ್ದು ಇಂಥ ರಚನೆ. ಯಾವ ಗೆರೆ ಇದೆ ಎಂಬುದರಷ್ಟೇ ಯಾವ ಗೆರೆ ಇಲ್ಲ ಎಂಬುದೂ ಇಲ್ಲಿ ಸಾಕ್ಷ್ಯ.

ಇದೇ ವಿಧಾನವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಹಲ್ ಸ್ವತಂತ್ರವಾಗಿ ಕಂಡುಹಿಡಿದು 1917ರಲ್ಲಿ ಪ್ರಕಟಿಸಿದರು. ಕಣಗಳು ಅತಿ ಸಣ್ಣವಾದರೆ ಗೆರೆಗಳು ದಪ್ಪವಾಗುತ್ತವೆ; ಆ ದಪ್ಪದಿಂದಲೇ ಕಣದ ಗಾತ್ರವನ್ನು ಅಳೆಯುವ ಸೂತ್ರವನ್ನು ಶೆರರ್ 1918ರಲ್ಲಿ ಕೊಟ್ಟರು. ಸೂಕ್ಷ್ಮಕಣಗಳ ತಂತ್ರಜ್ಞಾನದಲ್ಲಿ ಇಂದಿಗೂ ಅದು ನಿತ್ಯ ಬಳಕೆಯಲ್ಲಿದೆ. ವಿಧಾನಕ್ಕೆ ಮಿತಿಗಳೂ ಇದ್ದವು. ಮೂರು ಆಯಾಮಗಳ ಮಾಹಿತಿ ಒಂದೇ ಸಾಲಿಗೆ ಕುಸಿಯುವುದರಿಂದ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಜಟಿಲ ರಚನೆಗಳು ಬಿಡಿಸಲಾಗದೆ ಉಳಿಯುತ್ತವೆ. ಇದಕ್ಕೆ ಪರಿಹಾರ ಹುಡುಕಿದವರು ಇನ್ನೊಬ್ಬ ಡಚ್ ವಿಜ್ಞಾನಿ ಹ್ಯೂಗೊ ರೀಟ್‌ವೆಲ್ಡ್. ಗೆರೆಗಳನ್ನು ಬಿಡಿಬಿಡಿಯಾಗಿ ಅಳೆಯದೆ, ಇಡೀ ನಕ್ಷೆಯನ್ನು ಒಟ್ಟಾಗಿ ಗಣಕಯಂತ್ರದ ಮೂಲಕ ಹೊಂದಿಸಿ ನೋಡುವ ಕ್ರಮವನ್ನು ಅವರು 1960ರ ದಶಕದ ಕೊನೆಯಲ್ಲಿ ರೂಪಿಸಿದರು. ಇಂದು ಸಿಮೆಂಟಿನ ಗುಣಮಟ್ಟ, ಮಾತ್ರೆಯಲ್ಲಿರುವ ಔಷಧದ ಹರಳಿನ ರೂಪ, ಹೊಲದ ಜೇಡಿಯಲ್ಲಿನ ಖನಿಜ ಇವೆಲ್ಲವನ್ನೂ ಪರೀಕ್ಷಿಸುವುದು ಪುಡಿ ವಿಧಾನದಿಂದಲೇ. 2012ರಲ್ಲಿ ಮಂಗಳ ಗ್ರಹದ ಮಣ್ಣನ್ನು ಕ್ಯೂರಿಯಾಸಿಟಿ ವಾಹನ ವಿಶ್ಲೇಷಿಸಿದ್ದೂ ಅದರಿಂದಲೇ.

ಡೆಬೈ ಅವರ ಕೆಲಸದ ಒಂದು ಎಳೆ ಬೆಂಗಳೂರಿಗೂ ಬಂದಿದೆ. 1932ರಲ್ಲಿ ಅವರು ಅಮೆರಿಕದಲ್ಲಿ ಎಫ್.ಡಬ್ಲ್ಯು. ಸಿಯರ್ಸ್ ಜೊತೆಗೂಡಿ, ದ್ರವದಲ್ಲಿ ಕಿವಿಗೆ ಕೇಳದಷ್ಟು ವೇಗದ ಶಬ್ದತರಂಗಗಳನ್ನು ಎಬ್ಬಿಸಿದರೆ ಅದರ ಮೂಲಕ ಹಾಯುವ ಬೆಳಕು ಹಲವು ಕಿರಣಗಳಾಗಿ ಒಡೆಯುತ್ತದೆಂದು ತೋರಿಸಿದರು. ಅದಕ್ಕೆ ಸಮರ್ಪಕ ಸಿದ್ಧಾಂತವನ್ನು 1935-36ರಲ್ಲಿ ಕೊಟ್ಟವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್. ಅದೇ ಸಮಯದಲ್ಲಿ ಆ ಸಂಸ್ಥೆಗೆ ಅತಿಥಿಯಾಗಿ ಬಂದವರು ಮ್ಯಾಕ್ಸ್ ಬೋರ್ನ್. ಡೆಬೈ ಗಟ್ಟಿಂಗೆನ್ ಬಿಟ್ಟ ಮೇಲೆ 1921ರಲ್ಲಿ ಆ ಸ್ಥಾನಕ್ಕೆ ಬಂದ ಬೋರ್ನ್, ಯಹೂದಿ ಎಂಬ ಒಂದೇ ಕಾರಣಕ್ಕೆ 1933ರಲ್ಲಿ ಅದನ್ನು ಕಳೆದುಕೊಂಡಿದ್ದರು. ಅವರನ್ನು ಇಲ್ಲಿಯೇ ಉಳಿಸಿಕೊಳ್ಳಲು ರಾಮನ್ ಮಾಡಿದ ಪ್ರಯತ್ನ ಫಲಿಸಲಿಲ್ಲ. ಹಿಟ್ಲರನ ಆಡಳಿತ ಹೊರಗಟ್ಟಿದ ವಿದ್ವಾಂಸರ ಪ್ರಶ್ನೆ ಹೀಗೆ ನಮ್ಮೂರಿನ ಬಾಗಿಲಿಗೂ ಬಂದು ನಿಂತಿತ್ತು.

ಬೋರ್ನ್ ಅಂಥವರು ಹೊರಹೋಗುತ್ತಿದ್ದಾಗ ಡೆಬೈ ಒಳಹೋದರು. ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಭೌತವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯನ್ನು ಒಪ್ಪಿಕೊಂಡರು. ಡಚ್ ಪೌರತ್ವವನ್ನು ಬಿಟ್ಟುಕೊಡುವುದಿಲ್ಲ ಎಂಬುದು ಅವರ ಷರತ್ತಾಗಿತ್ತು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಕಟ್ಟಿದ ಆ ಸಂಸ್ಥೆಗೆ, ಆಳುವವರಿಗೆ ಒಪ್ಪಿಗೆಯಿಲ್ಲದಿದ್ದರೂ, ಮ್ಯಾಕ್ಸ್ ಪ್ಲಾಂಕ್ ಅವರ ಹೆಸರಿಟ್ಟರು. 1936ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. 1937ರಲ್ಲಿ ಜರ್ಮನ್ ಭೌತವಿಜ್ಞಾನ ಸಂಘದ ಅಧ್ಯಕ್ಷರಾದರು.

1938ರ ನವೆಂಬರ್ 9ರ ರಾತ್ರಿ ಜರ್ಮನಿಯುದ್ದಕ್ಕೂ ಯಹೂದಿಗಳ ಮಂದಿರಗಳಿಗೆ ಬೆಂಕಿ ಬಿತ್ತು. ಸರಿಯಾಗಿ ಒಂದು ತಿಂಗಳ ಬಳಿಕ, ಡಿಸೆಂಬರ್ 9ರಂದು, ಸಂಘದ ಸದಸ್ಯರಿಗೆ ಅಧ್ಯಕ್ಷರ ಪತ್ರವೊಂದು ಹೋಯಿತು. ಈಗಿನ ಪರಿಸ್ಥಿತಿಯ ಒತ್ತಡದಿಂದಾಗಿ, ನ್ಯೂರೆಂಬರ್ಗ್ ಕಾನೂನುಗಳ ಪ್ರಕಾರ ಯಹೂದಿಗಳಾದವರ ಸದಸ್ಯತ್ವವನ್ನು ಮುಂದುವರಿಸುವುದು ಸಾಧ್ಯವಿಲ್ಲ, ಅಂಥವರು ತಾವಾಗಿಯೇ ರಾಜೀನಾಮೆ ತಿಳಿಸಬೇಕು ಎಂಬುದು ಅದರ ಸಾರ. ಕೊನೆಯಲ್ಲಿ ಹಿಟ್ಲರನಿಗೆ ಜಯಕಾರ. ಕೆಳಗೆ ಡೆಬೈ ಸಹಿ. ಸಚಿವಾಲಯದ ಒತ್ತಡವಿತ್ತು, ಸಂಘದೊಳಗಿನ ನಾಜಿ ಬೆಂಬಲಿಗರ ಪಟ್ಟಂತೂ ಇತ್ತು. ಬಹುಮಂದಿ ಯಹೂದಿ ಸದಸ್ಯರು ಆಗಲೇ ದೇಶ ಬಿಟ್ಟಿದ್ದರು. ಆದರೂ ಉಳಿದಿದ್ದ ಕೆಲವರಿಗೆ ಆ ಪತ್ರ ತಲುಪಿತು.

ಇದೇ ಮನುಷ್ಯ ಅದೇ ವರ್ಷದ ಜುಲೈಯಲ್ಲಿ ಮಾಡಿದ ಇನ್ನೊಂದು ಕೆಲಸವಿದೆ. ಪರಮಾಣು ವಿಜ್ಞಾನಿ ಲೀಸೆ ಮೈಟ್ನರ್ ಯಹೂದಿ ಮೂಲದವರು, ಆಸ್ಟ್ರಿಯಾದ ಪ್ರಜೆ. ಆಸ್ಟ್ರಿಯಾ ಜರ್ಮನಿಯ ವಶವಾದ ಮೇಲೆ ಅವರ ಪಾಸ್‌ಪೋರ್ಟಿಗೆ ಬೆಲೆಯಿಲ್ಲದಾಯಿತು; ದೇಶ ಬಿಡಲು ಅನುಮತಿಯೂ ಸಿಗಲಿಲ್ಲ. ನೆದರ್ಲೆಂಡ್ಸ್‌ನಲ್ಲಿದ್ದ ಡಿರ್ಕ್ ಕೋಸ್ಟರ್ ಅವರಿಗೆ ಯಾರಿಗೂ ಸಂಶಯ ಬಾರದಂತೆ ಗುಪ್ತ ಧಾಟಿಯಲ್ಲಿ ಪತ್ರ ಬರೆದು ಕರೆಸಿಕೊಂಡವರು ಡೆಬೈ. ಜುಲೈ 13ರಂದು ಕೋಸ್ಟರ್ ಜೊತೆ ರೈಲಿನಲ್ಲಿ ಗಡಿ ದಾಟಿ ಮೈಟ್ನರ್ ಪಾರಾದರು. ಸಿಕ್ಕಿಬಿದ್ದಿದ್ದರೆ ಡೆಬೈ ಅವರಿಗೂ ಉಳಿಗಾಲವಿರಲಿಲ್ಲ. ಐದು ತಿಂಗಳ ಅಂತರದಲ್ಲಿ ಒಂದೇ ಕೈ ಎರಡು ಪತ್ರಗಳನ್ನು ಬರೆಯಿತು. ಗುಟ್ಟಾಗಿ ಬರೆದದ್ದು ಒಬ್ಬರ ಜೀವ ಉಳಿಸಿತು. ಬಹಿರಂಗವಾಗಿ ಬರೆದದ್ದು ಉಳಿದವರಿಗೆ ಬಾಗಿಲು ಮುಚ್ಚಿತು.

1939ರಲ್ಲಿ ಯುದ್ಧ ಆರಂಭವಾದಾಗ ಸೇನೆ ಅವರ ಸಂಸ್ಥೆಯನ್ನು ವಶಕ್ಕೆ ತೆಗೆದುಕೊಂಡಿತು. ಜರ್ಮನ್ ಪೌರತ್ವ ಪಡೆಯಬೇಕು, ಇಲ್ಲವೇ ಸಂಸ್ಥೆಯೊಳಗೆ ಕಾಲಿಡಬಾರದು ಎಂಬ ಸೂಚನೆ ಬಂತು. ಡೆಬೈ ಒಪ್ಪಲಿಲ್ಲ. 1940ರ ಜನವರಿಯಲ್ಲಿ ಉಪನ್ಯಾಸಗಳ ನೆಪದಲ್ಲಿ ಅಮೆರಿಕಕ್ಕೆ ಹೊರಟು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಕಾಗದದ ಮೇಲೆ ಮಾತ್ರ ಬರ್ಲಿನ್‌ನಿಂದ ರಜೆಯ ಮೇಲಿದ್ದರು; ಮಗಳು ಅಲ್ಲಿಯೇ ಉಳಿದಿದ್ದಳು. ಅವರ ನಿಷ್ಠೆಯ ಬಗ್ಗೆ ಐನ್‌ಸ್ಟೈನ್ ಅವರೇ ಸಂಶಯ ಸೂಚಿಸಿದ್ದರು. ಅಮೆರಿಕದ ತನಿಖಾ ಸಂಸ್ಥೆಯೂ ವಿಚಾರಣೆ ನಡೆಸಿತು. ಮುಂದೆ ಯುದ್ಧಕಾಲದ ಕೃತಕ ರಬ್ಬರ್ ಸಂಶೋಧನೆಯಲ್ಲಿ ದುಡಿದು, 1946ರಲ್ಲಿ ಅಮೆರಿಕದ ಪ್ರಜೆಯಾದರು. 1966ರ ನವೆಂಬರ್ 2ರಂದು ಇಥಾಕಾ ನಗರದಲ್ಲಿ ತೀರಿಕೊಂಡರು.

ಬದುಕಿರುವಾಗ ಆ ಪತ್ರ ಅವರ ಕೀರ್ತಿಗೆ ಅಡ್ಡಿಯಾಗಲಿಲ್ಲ. ಜರ್ಮನ್ ಭೌತವಿಜ್ಞಾನ ಸಂಘವು ತನ್ನ ಅತ್ಯುಚ್ಚ ಗೌರವವಾದ ಮ್ಯಾಕ್ಸ್ ಪ್ಲಾಂಕ್ ಪದಕವನ್ನು 1949ರಲ್ಲಿ ಮೈಟ್ನರ್ ಮತ್ತು ಒಟ್ಟೊ ಹಾನ್ ಅವರಿಗೆ, 1950ರಲ್ಲಿ ಡೆಬೈ ಅವರಿಗೆ, 1951ರಲ್ಲಿ ಜೇಮ್ಸ್ ಫ್ರಾಂಕ್ ಮತ್ತು ಗುಸ್ಟಾಫ್ ಹರ್ಟ್ಜ್ ಅವರಿಗೆ ಕೊಟ್ಟಿತು. ಯಹೂದಿಯಾದ ಫ್ರಾಂಕ್ ಮೊದಲ ಮಹಾಯುದ್ಧದಲ್ಲಿ ಹೋರಾಡಿದವರು. ಆ ಕಾರಣಕ್ಕೆ 1933ರ ಕಾನೂನಿನಲ್ಲಿ ಅವರಿಗೆ ವಿನಾಯಿತಿಯಿತ್ತು. ಅದನ್ನು ಬಳಸಿಕೊಳ್ಳದೆ, ಪ್ರತಿಭಟಿಸಿ ಗಟ್ಟಿಂಗೆನ್ ಪೀಠಕ್ಕೆ ರಾಜೀನಾಮೆ ಕೊಟ್ಟಿದ್ದರು. ಪಾರಾದವರು, ಸಹಿ ಹಾಕಿದವರು, ರಾಜೀನಾಮೆ ಎಸೆದವರು ಮೂವರೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ನಿಂತರು.

2006ರ ಜನವರಿಯಲ್ಲಿ ಡಚ್ ಲೇಖಕರೊಬ್ಬರ ಪುಸ್ತಕ ಈ ಪತ್ರವನ್ನು ಮುಂದಿಟ್ಟು, ಡೆಬೈ ನಾಜಿಗಳ ಜೊತೆಗಾರ ಎಂದು ಬಿಂಬಿಸಿತು. ಕೆಲವೇ ವಾರಗಳಲ್ಲಿ ಉಟ್ರೆಕ್ಟ್ ಫಲಕ ಕಳಚಲು ತೀರ್ಮಾನಿಸಿತು. ಕಾರ್ನೆಲ್ ದಾಖಲೆಗಳನ್ನು ಪರಿಶೀಲಿಸಿ, ಹೆಸರು ತೆಗೆಯಲು ಕಾರಣವಿಲ್ಲವೆಂದಿತು. 2007ರಲ್ಲಿ ಡಚ್ ಯುದ್ಧದಾಖಲೆ ಸಂಸ್ಥೆಯ ವಿಸ್ತಾರವಾದ ವರದಿ ಬಂತು. ಡೆಬೈ ನಾಜಿ ಸಿದ್ಧಾಂತಿಯಾಗಿರಲಿಲ್ಲ, ಯಹೂದಿದ್ವೇಷಿಯೂ ಆಗಿರಲಿಲ್ಲ. ಎರಡು ದೋಣಿಯಲ್ಲೂ ಕಾಲಿಟ್ಟು, ಯಾವ ಬಾಗಿಲನ್ನೂ ಪೂರ್ತಿ ಮುಚ್ಚದೆ ಬದುಕಿದವರು ಎಂಬ ಚಿತ್ರ ಅದರಲ್ಲಿತ್ತು. 2008ರ ಜನವರಿಯಲ್ಲಿ ಯಾನ್ ಟೆರ್ಲೌ ಅಧ್ಯಕ್ಷತೆಯ ಸಮಿತಿ, ದುರುದ್ದೇಶ ಸಾಬೀತಾಗಿಲ್ಲವೆಂದು ಹೇಳಿ ಹೆಸರನ್ನು ಉಳಿಸಿಕೊಳ್ಳಲು ಶಿಫಾರಸು ಮಾಡಿತು. ಉಟ್ರೆಕ್ಟ್ ಒಪ್ಪಿಕೊಂಡಿತು.

ಈ ಪ್ರಕರಣದಲ್ಲಿ ನನಗೆ ಎರಡು ಮಾತು ಹೇಳಬೇಕೆನಿಸುತ್ತದೆ. ಮೊದಲನೆಯದು ಉಟ್ರೆಕ್ಟ್ ಬಗ್ಗೆ. ವಿಚಾರಣೆಗೆ ಮುನ್ನ ಶಿಕ್ಷೆ ವಿಧಿಸುವುದು ಸತ್ತವರ ವಿಷಯದಲ್ಲೂ ಸರಿಯಲ್ಲ. ಯಾವುದೇ ಇಲಾಖಾ ವಿಚಾರಣೆಯಲ್ಲಿ ಮೊದಲು ದಾಖಲೆ, ಬಳಿಕ ವಾದ, ಕೊನೆಗೆ ಆದೇಶ. ಒಂದು ಗೆರೆಯಿಂದ ಹರಳಿನ ರಚನೆಯನ್ನು ಯಾರೂ ಹೇಳಲಾರರು ಎಂಬುದನ್ನು ಡೆಬೈ ಅವರ ವಿಧಾನವೇ ಕಲಿಸುತ್ತದೆ. ಮೈಟ್ನರ್ ಪ್ರಸಂಗವನ್ನೂ, ಪೌರತ್ವದ ನಿರಾಕರಣೆಯನ್ನೂ ಬದಿಗಿಟ್ಟು ಪತ್ರವೊಂದನ್ನೇ ಓದಿದವರು ಆ ತಪ್ಪು ಮಾಡಿದರು.

ಎರಡನೆಯದು ಡೆಬೈ ಅವರ ಬಗ್ಗೆ. ಎಲ್ಲ ಗೆರೆಗಳನ್ನೂ ಓದಿದ ಮೇಲೂ ಆ ಒಂದು ಗೆರೆ ಅಳಿಸಿಹೋಗುವುದಿಲ್ಲ. ಬೇರೆ ದಾರಿ ಇರಲಿಲ್ಲ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಲೌಅ ಸಹ ಬರ್ಲಿನ್‌ನಲ್ಲೇ ಉಳಿದವರು. 1933ರಲ್ಲಿ ಇದೇ ಸಂಘದ ಅಧ್ಯಕ್ಷರಾಗಿ ಅವರು ಗೆಲಿಲಿಯೊನ ಉದಾಹರಣೆ ಕೊಟ್ಟು ಆಳುವವರನ್ನು ಚುಚ್ಚಿದರು. ನಾಜಿಗಳ ಆಪ್ತ ಯೊಹಾನೆಸ್ ಸ್ಟಾರ್ಕ್ ಪ್ರಷ್ಯನ್ ಅಕಾಡೆಮಿಗೆ ಬರದಂತೆ ತಡೆದರು. ಜೀವ ಸಹಿತ ಉಳಿದರು. ಡೆಬೈ ಅವರಿಗೆ ಇನ್ನೂ ಹೆಚ್ಚಿನ ರಕ್ಷೆಯಿತ್ತು: ಬೇರೆ ದೇಶದ ಪೌರತ್ವ, ನೊಬೆಲ್, ಅಮೆರಿಕದ ಪರಿಚಯ. ಪೌರತ್ವದ ಪ್ರಶ್ನೆ ಬಂದಾಗ ಅವರು ಇಲ್ಲವೆಂದದ್ದೂ, ಹೊರಟುಹೋದದ್ದೂ ನಿಜ. ತಮ್ಮ ಹಕ್ಕಿನ ವಿಷಯದಲ್ಲಿ ಸಾಧ್ಯವಾದ ನಿರಾಕರಣೆ, ಅದಕ್ಕೆ ಮೊದಲು ಬೇರೆಯವರ ಹಕ್ಕಿನ ವಿಷಯದಲ್ಲಿ ಸಾಧ್ಯವಾಗಲಿಲ್ಲ.

ನಮ್ಮ ಸರ್ಕಾರಿ ಆದೇಶಗಳ ಕೊನೆಯಲ್ಲಿ, ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ ಎಂಬ ಸಾಲಿರುತ್ತದೆ. ಅದರ ಕೆಳಗೆ ಸಹಿ ಮಾಡುವ ಅಧಿಕಾರಿಗೆ ಆ ಸಾಲು ಒಂದು ಆಸರೆ. ತೀರ್ಮಾನ ತನ್ನದಲ್ಲ, ತಾನು ತಿಳಿಸುವವನು ಮಾತ್ರ ಎಂಬ ನೆಮ್ಮದಿ. ಡೆಬೈ ಪತ್ರದಲ್ಲಿನ ಪರಿಸ್ಥಿತಿಯ ಒತ್ತಡವೆಂಬ ಮಾತೂ ಇದೇ ಕೆಲಸ ಮಾಡುತ್ತದೆ. ಆದರೆ ಪತ್ರವನ್ನು ಪಡೆದವರಿಗೆ ಪರಿಸ್ಥಿತಿ ಕಾಣುವುದಿಲ್ಲ, ಸಹಿ ಕಾಣುತ್ತದೆ. ಪಟ್ಟಿಯಿಂದ ಹೆಸರು ಹೊಡೆಯುವ, ಮನೆ ತೆರವು ಮಾಡಿಸುವ, ಸೌಲಭ್ಯ ನಿಲ್ಲಿಸುವ ಆದೇಶಗಳನ್ನು ಪಡೆಯುವ ನಮ್ಮ ಜನರ ಅನುಭವವೂ ಇದೇ. ಕಡತದಲ್ಲಿ ಭಿನ್ನಾಭಿಪ್ರಾಯ ದಾಖಲಿಸುವ, ಮರುಪರಿಶೀಲನೆ ಕೋರುವ, ಬೇರೆ ದಾರಿಯಿಲ್ಲವಾದರೆ ಹುದ್ದೆ ಬಿಡುವ ಅವಕಾಶ ಪ್ರಜಾಪ್ರಭುತ್ವದ ಅಧಿಕಾರಿಗೆ ಇದೆ. 1938ರ ಬರ್ಲಿನ್‌ನಲ್ಲಿ ಅಷ್ಟಿರಲಿಲ್ಲ. ಹಾಗಾಗಿ ಡೆಬೈ ಅವರಿಗೆ ನಾವು ಕೊಡಬಹುದಾದ ರಿಯಾಯಿತಿಯನ್ನು ನಮಗೆ ನಾವೇ ಕೊಟ್ಟುಕೊಳ್ಳುವಂತಿಲ್ಲ.

ಹೆಸರು ಫಲಕದ ಮೇಲೆ ಉಳಿಯಲಿ. ವಿಧಾನವೂ ಮಾನವೂ ಅವರ ಹೆಸರಿನಲ್ಲೇ ಇರಲಿ. ಅದು ಅವರು ದುಡಿದು ಗಳಿಸಿದ್ದು. ಜೊತೆಗೆ, ಡಿಸೆಂಬರ್ 9ರ ಆ ಪತ್ರವನ್ನೂ, ಮೈಟ್ನರ್ ಪಾರಾದ ಕಥೆಯನ್ನೂ ನಮ್ಮ ಆಡಳಿತ ತರಬೇತಿ ಸಂಸ್ಥೆಗಳಲ್ಲಿ ಹೊಸ ಅಧಿಕಾರಿಗಳ ಮುಂದೆ ಒಟ್ಟಿಗೆ ಇಡಬೇಕು. ಕೆಟ್ಟವರ ಕಥೆಯಿಂದ ಅವರು ಕಲಿಯುವುದು ಕಡಿಮೆ. ತಾವು ಕೆಟ್ಟವರಲ್ಲ ಎಂಬ ನಂಬಿಕೆ ಎಲ್ಲರಿಗೂ ಇರುತ್ತದೆ. ಒಳ್ಳೆಯವರೂ ಧೈರ್ಯಶಾಲಿಗಳೂ ಆಗಿದ್ದವರೊಬ್ಬರು ಒಂದು ಚಳಿಗಾಲದ ದಿನ ಎಂಥ ಕಾಗದಕ್ಕೆ ಸಹಿ ಹಾಕಿದರು ಎಂಬುದು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.